ಮನೆ ಊಟದ ಬಾಡಿಗೆದಾರರು

ಒಂದು ಕಾಡಿನಲ್ಲಿ ಒಂದು ಮಹಾನಗರವಿತ್ತು. ಕಾಡಿನೊಳಗೆ ನಗರ ಹೇಗೆ ಎಂದು ಕೇಳಬೇಡಿ. ಪೊಟರೆಗೆ ಪೊಟರೆ ಅಂಟಿಕೊಂಡು, ಸಂಜೆಯಾದರೆ ಜಿಂಕೆಗಳೆಲ್ಲ ಒಂದೇ ಕಾಲುದಾರಿಯಲ್ಲಿ ಸಿಕ್ಕಿಕೊಂಡು ಒಂದನ್ನೊಂದು ಬೈದುಕೊಳ್ಳುತ್ತಿದ್ದರೆ ಅದು ನಗರವೇ.

ಅಲ್ಲಿ ಕೊತ್ತಪ್ಪಯ್ಯ ಎಂಬ ಕಾಡುಬೆಕ್ಕಿಗೆ ಅಪ್ಪ ಬಿಟ್ಟುಹೋದ ಬೂರುಗದ ಮರವೊಂದಿತ್ತು. ಮೇಲಿನ ಕೊಂಬೆಯಲ್ಲಿ ತಾನಿದ್ದು ಕೆಳಗಿನ ಪೊಟರೆಯನ್ನು ಬಾಡಿಗೆಗೆ ಕೊಡುತ್ತಿದ್ದ. ಬೇಟೆಯಾಡುವುದನ್ನು ಎಂದೋ ಮರೆತಿದ್ದ. ಇಲಿ ಎದುರಾದರೆ ತಾನೇ ದಾರಿ ಬಿಡುತ್ತಿದ್ದ. ಮರ ಹೋದರೆ ಅವನಿಗೆ ಅನ್ನವೂ ಇಲ್ಲ, ನೆಲೆಯೂ ಇಲ್ಲ.

ಮರದಲ್ಲಿ ಬೋರ್ಡು ನೇತಾಡುತ್ತಿತ್ತು: 'ಮನೆ ಬಾಡಿಗೆಗಿದೆ. ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅಡ್ವಾನ್ಸು, ಬಾಡಿಗೆ ಎರಡೂ ಒಣಮೀನಿನಲ್ಲಿ.'

"ಮೀನು ತಿನ್ನದವರ ಹತ್ತಿರ ಮೀನು ಎಲ್ಲಿರುತ್ತೆ ಓನರೇ?" ಎಂದು ಒಮ್ಮೆ ಒಂದು ಮೊಲ ಕೇಳಿತ್ತು.

"ತಿನ್ನದವರ ಹತ್ತಿರಾನೇ ಕಣಮ್ಮ ಉಳಿಯೋದು," ಎಂದಿದ್ದ ಕೊತ್ತಪ್ಪಯ್ಯ.

ಅವನ ಜಾಣತನವೆಲ್ಲ ಮನೆ ಖಾಲಿ ಮಾಡಿಸುವುದರಲ್ಲಿತ್ತು. ಏನಾದರೊಂದು ತಪ್ಪು ಹುಡುಕುತ್ತಿದ್ದ, ಓಡಿಸುತ್ತಿದ್ದ, ಅಡ್ವಾನ್ಸನ್ನು ಪೇಂಟಿಂಗ್‌ಗೆಂದು ನುಂಗುತ್ತಿದ್ದ. ಆ ಮರ ಹುಟ್ಟಿದಾಗಿನಿಂದ ಬಣ್ಣ ಕಂಡಿರಲಿಲ್ಲ.

ಆಗ ಪೊಟರೆಯಲ್ಲಿದ್ದವನು ಕುಟ್ಟಪ್ಪ ಎಂಬ ಮರಕುಟಿಗ. ಒಂದು ಬೆಳಗ್ಗೆ ಟಕಟಕ ಸದ್ದು ಕೇಳಿ ಕೊತ್ತಪ್ಪಯ್ಯ ಕೆಳಗಿಳಿದ.

"ಏನಯ್ಯಾ, ಮೊಳೆ ಹೊಡೀತಿದ್ದೀಯಾ?"

"ಮೊಳೆ ಎಲ್ಲಿದೆ ಓನರೇ, ಇದು ನನ್ನ ಕೊಕ್ಕು. ಗೋಡೆಗೆ ಹುಳ ಬೀಳ್ತಿದೆ. ಹೆಕ್ಕಿ ತೆಗೀತಿದ್ದೀನಿ."

"ತೆಗೆದು ಏನ್ ಮಾಡ್ತೀಯ?"

ಕುಟ್ಟಪ್ಪ ತಲೆ ತಗ್ಗಿಸಿದ. "ತಿಂತೀನಿ."

"ಅಂದ್ರೆ ನಾನ್‌ವೆಜ್ಜು," ಎಂದ ಕೊತ್ತಪ್ಪಯ್ಯ, ಹಲ್ಲಿನ ಸಂದಿಯ ಮೀನಿನ ಮುಳ್ಳು ತೆಗೆಯುತ್ತ. "ಮಡಿವಂತರ ಮನೆ ಕಣಯ್ಯ ಇದು. ಇವತ್ತೇ ಖಾಲಿ ಮಾಡು. ಅಡ್ವಾನ್ಸು ಪೇಂಟಿಂಗ್‌ಗೆ ಹಿಡ್ಕೊಂಡೆ."

ಕುಟ್ಟಪ್ಪ ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. "ಯಾವ ಬಣ್ಣ?"

"ಮರದ ಬಣ್ಣ."

ಕುಟ್ಟಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಪಕ್ಕದ ಮರಕ್ಕೆ ಹೋದ.

ಮರುದಿನ ಒಂದು ದೊಡ್ಡ ಒಣಮೀನು ತಾನಾಗಿ ನಡೆದುಕೊಂಡು ಮರದ ಬಳಿಗೆ ಬಂತು. ಅದರ ತಲೆಯ ಮೇಲೆ ಎಳ್ಳುಕಾಳಿನಷ್ಟು ಬಿಳಿ ಜೀವವೊಂದು ಕೂತಿತ್ತು.

"ನಾನು ಸಣ್ಣಕ್ಕ. ಮನೆ ಖಾಲಿ ಇದೆಯಂತಲ್ಲ ಓನರೇ?"

ಮೀನಿನ ಕೆಳಗೆ ಹೊತ್ತವರು ಯಾರೆಂದು ಕೊತ್ತಪ್ಪಯ್ಯ ಬಗ್ಗಿ ನೋಡಬಹುದಿತ್ತು. ಆದರೆ ಬಾಡಿಗೆ ತಾನಾಗಿ ನಡೆದು ಬರುವುದು ಯಾವ ಓನರಿಗೂ ಜನ್ಮದ ಕನಸು. ಕನಸನ್ನು ಯಾರು ಬಗ್ಗಿ ನೋಡುತ್ತಾರೆ?

"ಎಷ್ಟು ಜನ?" ಎಂದ.

"ಒಂದೇ ಸಂಸಾರ. ನಮ್ಮಮ್ಮ, ಮತ್ತೆ ನಾವು ಮಕ್ಕಳು."

"ಮೊಳೆ?"

"ಸುತ್ತಿಗೆ ಎತ್ತೋ ಶಕ್ತಿ ಎಲ್ಲಿದೆ ನಮಗೆ?"

"ಊಟ?"

"ಶುದ್ಧ ಸಸ್ಯಾಹಾರ. ಹೋಟೆಲು ಗೀಟೆಲು ಇಲ್ಲ. ನಮಗೆ ಮನೆ ಊಟಾನೇ ಆಗ್ಬೇಕು."

ಕೊತ್ತಪ್ಪಯ್ಯನ ಕಣ್ಣು ತುಂಬಿ ಬಂತು. ಅಂಥವರು ಈಗ ಎಲ್ಲಿ ಸಿಗುತ್ತಾರೆ?

ಸಣ್ಣಕ್ಕನ ಸಂಸಾರ ಒಳಗೆ ಸೇರಿತು. ಒಗ್ಗರಣೆ ವಾಸನೆಯಿಲ್ಲ, ಜಗಳವಿಲ್ಲ. ಬರೀ ಒಂದು ಮೆಲ್ಲನೆಯ ಕರಕರ ಸದ್ದು.

"ಏನಮ್ಮಾ ಅದು?"

"ಊಟಕ್ಕೆ ಕೂತಿದ್ದೀವಿ ಓನರೇ."

"ಬೆಳಗ್ಗೆಯಿಂದಾನಾ?"

"ಮನೆ ಊಟ ಅಲ್ವಾ, ಏಳೋಕೆ ಮನಸ್ಸೇ ಬರಲ್ಲ. ನಿಮ್ಮ ತಂದೆಯವರು ಬಹಳ ಒಳ್ಳೇ ಮನೆ ಬಿಟ್ಟುಹೋಗಿದ್ದಾರೆ."

ಮನೆಯನ್ನು ಹೀಗೆ ಬಾಯ್ತುಂಬ ಹೊಗಳಿದ ಬಾಡಿಗೆದಾರರನ್ನು ಕೊತ್ತಪ್ಪಯ್ಯ ಕಂಡಿರಲಿಲ್ಲ. ಅವರ ಬಾಯ್ತುಂಬ ಇದ್ದದ್ದೂ ಮನೆಯೇ ಎಂದು ಅವನಿಗೆ ಹೊಳೆಯಲಿಲ್ಲ.

ಒಮ್ಮೆ ಕುಟ್ಟಪ್ಪ ಬಂದು, "ಓನರೇ, ಗಾಳಿ ಬೀಸಿದ್ರೆ ನಿಮ್ಮ ಮರ ತಮಟೆ ಥರ ಸದ್ದು ಮಾಡ್ತಿದೆ. ಒಂಚೂರು ಕುಟ್ಟಿ ನೋಡ್ಲಾ?" ಎಂದ.

"ಅಡ್ವಾನ್ಸ್ ಕೇಳೋಕೆ ಹೊಸ ನೆಪ," ಎಂದು ಕೊತ್ತಪ್ಪಯ್ಯ ಅವನನ್ನು ಅಟ್ಟಿದ. ಸಣ್ಣಕ್ಕ ಕೊಟ್ಟ ದೊಡ್ಡ ಮೀನನ್ನು ಅವುಚಿಕೊಂಡು ಕೊಂಬೆಯ ಮೇಲೆ ಮಲಗಿದ. ಮೀನಿನ ಘಾಟು ಮೂಗಿಗೆ ಹೊಡೆಯಿತು. ಒಂದು ಸೀನು ಸೀನಿದ.

ಆ ಸೀನಿಗೆ ಮರ ಬೀಳಲಿಲ್ಲ, ಉದುರಿತು. ರವೆಯ ಹಾಗೆ ಉದುರಿತು. ನಂಬದವರು ಹೋಗಿ ಮರವನ್ನೇ ಕೇಳಬಹುದು, ಆದರೆ ಅದು ಈಗಿಲ್ಲ.

ಪುಡಿಯ ರಾಶಿಯಿಂದ ಸಣ್ಣಕ್ಕ ಹೊರಬಂದಳು. ಹಿಂದೆಯೇ ಅವಳ ಅಮ್ಮ, ಅಕ್ಕ, ತಂಗಿ, ಅಣ್ಣ, ತಮ್ಮ ಎಂದು ಒಂದೇ ಸಂಸಾರ ಹೊಳೆಯ ಹಾಗೆ ಹರಿದು ಬಂತು. ಕೊತ್ತಪ್ಪಯ್ಯನ ಕಣ್ಣು ಆಗ ತೆರೆಯಿತು. ಗೆದ್ದಲು.

"ಓನರೇ, ಮನೆ ಮುಗೀತು. ಅಡ್ವಾನ್ಸು ಕೊಟ್ರೆ ಹೊರಡ್ತೀವಿ."

"ನನ್ನ ಮನೇನೇ ತಿಂದುಬಿಟ್ರಲ್ಲೇ."

"ಮೊದಲೇ ಹೇಳಿದ್ವಲ್ಲ, ಮನೆ ಊಟ ಅಂತ."

ಕೊತ್ತಪ್ಪಯ್ಯ ಮೀನನ್ನು ಎದೆಗೊತ್ತಿಕೊಂಡ. "ಅಡ್ವಾನ್ಸು ಪೇಂಟಿಂಗ್‌ಗೆ ಹಿಡ್ಕೊಂಡೆ."

"ಧಾರಾಳವಾಗಿ. ಎಲ್ಲಿಗೆ ಬಳೀತೀರಿ, ತೋರಿಸಿ."

ಕೊತ್ತಪ್ಪಯ್ಯ ಸುತ್ತ ನೋಡಿದ. ಗೋಡೆಯಿಲ್ಲ, ಕೊಂಬೆಯಿಲ್ಲ. ಬೋರ್ಡು ಕೂಡ ಇರಲಿಲ್ಲ, ಅದೂ ಸಸ್ಯಾಹಾರವೇ. ಅವನ ಕೈ ಸಡಿಲವಾಯಿತು. ಒಣಮೀನು ಬಂದ ಹಾಗೆಯೇ ನಡೆದುಕೊಂಡು ಹೊರಟುಹೋಯಿತು.

ಪಕ್ಕದ ಮರದಿಂದ ಕುಟ್ಟಪ್ಪ ಕೇಳಿದ: "ಕೊತ್ತಪ್ಪಯ್ಯನೋರೇ, ಎಲ್ಲಿಗೆ ಹೊರಟ್ರಿ?"

"ಬಾಡಿಗೆ ಮನೆ ನೋಡೋಕೆ ಕಣಯ್ಯ."

"ನೀವು ಸಸ್ಯಾಹಾರಿನಾ?"

ಕೊತ್ತಪ್ಪಯ್ಯ ದೂರದಲ್ಲಿ ತಿರುವು ದಾಟುತ್ತಿದ್ದ ಮೀನಿನ ಬಾಲವನ್ನೇ ನೋಡುತ್ತ ಹೇಳಿದ:

"ಇವತ್ತಿನಿಂದ."

ನೀತಿ: ಕುಂಟುನೆಪ ಹೂಡಿ ಒಳ್ಳೆಯವರನ್ನು ಓಡಿಸುವವನ ಮನೆಗೆ, ಅವನ ಷರತ್ತಿಗೆ ಸರಿಯಾಗಿ ಹೊಂದುವ ಕೇಡೇ ಬಂದು ಸೇರುತ್ತದೆ.