ಬಸಿಯದ ಮನೆ, ಬಗ್ಗದ ಸೊಸೆ

ಕಾಲು ಚಾಚಿ ಮಲಕ್ಕೋ ಕೂಸೆ, ಹೇಳ್ತೀನಿ. ಬೆಳಿಗ್ಗೆ ನನ್ನ ದಾಸವಾಳದ ಕುಂಡಕ್ಕೆ ಬಕೆಟ್ ತುಂಬ ನೀರು ಸುರಿದು ದೊಡ್ಡ ಕೆಲಸ ಮಾಡಿದೋಳ ಹಾಗೆ ನಿಂತಿದ್ದೆಯಲ್ಲ, ಅದಕ್ಕೇ ಈ ಕತೆ. ನಡುವೆ ಬಾಯಿ ಹಾಕಬೇಡ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗಿನ್ನೂ ಹಲ್ಲು ಬಂದಿರದ ಕಾಲದಲ್ಲಿ, ಹೊನ್ನಾಜಿ ಅಂತ ಒಬ್ಬ ಹುಡುಗಿ ಇದ್ಳಂತೆ. ಅವಳಿಗೆ ತಾಯಿ ಇಲ್ಲ. ತಾಯಿ ನೆಟ್ಟ ಮಲ್ಲಿಗೆ ಬಳ್ಳಿ ಇತ್ತು, ಅದನ್ನೂ ಅವಳಣ್ಣ ಕೊಟ್ಟಿಗೆ ಕಟ್ಟೋಕೆ ಅಂತ ಕಿತ್ತು ಬಿಸಾಕಿದ. ಆಮೇಲೆ ಇವಳು ಆ ಬಳ್ಳಿಯಿಂದ ಮೂರು ಕಡ್ಡಿ ಮುರ್ಕೊಂಡು, ಒದ್ದೆ ಬಟ್ಟೇಲಿ ಸುತ್ಕೊಂಡು, ಮದುವೆಯಾಗಿ ಗಂಡನ ಮನೆಗೆ ಬಂದ್ಳಂತೆ. ಅವು ಹೋದ್ರೆ ಅಮ್ಮನ ಗುರುತೇ ಹೋದ ಹಾಗೆ, ಅದಕ್ಕೇ ಅವಳ ಜೀವವೆಲ್ಲ ಆ ಕಡ್ಡಿಗಳ ಮೇಲೇ.

ಅತ್ತೆ ನಿಂಗವ್ವ ಕೆಟ್ಟವಳಲ್ಲ, ಹಟಮಾರಿ ಅಷ್ಟೆ. ಅವಳೇ ಸೊಸೆಗೆ ಹೊಸ ಮಡಕೆ ಕೊಟ್ಳಂತೆ. ಹೊನ್ನಾಜಿ ಒಂದು ಕಡ್ಡಿ ನೆಟ್ಳು. ಆಮೇಲೆ ಅತ್ತೆ ಅಕ್ಕಿ ತೊಳೆದ ನೀರು ಹಾಕಿದ್ಳು, ಮಾವ ಅದರಲ್ಲೇ ಕೈ ತೊಳೆದ, ಗಂಡ ಹೋಗ್ತಾ ಒಂದು ಚೊಂಬು ಬರ್ತಾ ಒಂದು ಚೊಂಬು ಸುರಿದ, ಎಲ್ಲಾ ಪ್ರೀತಿಯಿಂದಲೇ ಮತ್ತೆ. ಎಲೆ ಹಳದಿಯಾದ್ರೆ ಪಾಪ ಬಾಯಾರಿದೆ ಅಂತ ಇನ್ನಷ್ಟು ಸುರಿದ್ರಂತೆ. ಕಡ್ಡಿ ಕೊಳೆತುಹೋಯ್ತು. ಎರಡನೇದನ್ನ ನೆಟ್ಟು ಯಾರೂ ಹತ್ತಿರ ಬರಬೇಡಿ ಅಂತ ಕಾವಲು ಕೂತ್ಳು. ಆಮೇಲೆ ಮಳೆ ಬಂತು, ಮಡಕೇಲಿ ನೀರು ನಿಂತ್ಕೊಳ್ತು, ಅದೂ ಹೋಯ್ತಂತೆ. ಕಿತ್ತು ನೋಡಿದ್ರೆ ಬುಡವೆಲ್ಲ ಕಪ್ಪಗೆ, ಬಚ್ಚಲ ನಾತ. ಅವತ್ತು ಬಿಕ್ಕಿ ಬಿಕ್ಕಿ ಅತ್ತಳಂತೆ ಹುಡುಗಿ.

ಉಳಿದದ್ದು ಒಂದೇ. ಆಮೇಲೆ ಹೊನ್ನಾಜಿ ಕಣ್ಣೊರೆಸ್ಕೊಂಡು, ಮಡಕೆ ಬೋರಲು ಹಾಕಿ, ಮೊಳೆ ಇಟ್ಟು ಮೆತ್ತಗೆ ಕುಟ್ಟಿ, ತಳಕ್ಕೆ ತೂತು ಮಾಡಿದ್ಳಂತೆ. ತೂತಿನ ಮೇಲೆ ಹೆಂಚಿನ ಚೂರು ಮುಚ್ಚಿ, ಮರಳು ಬೆರೆಸಿದ ಮಣ್ಣು ತುಂಬಿ, ಕಡ್ಡಿ ನೆಟ್ಟು ನೀರು ಹಾಕಿದ್ರೆ, ಕೆಳಗಿಂದ ತೊಟತೊಟ ಅಂತ ಇಳೀತಂತೆ.

ನಿಂಗವ್ವ ನೋಡಿದೋಳೇ ಎದೆ ಬಡ್ಕೊಂಡ್ಳು. ತೂತು ಮಡಕೆ ಹೊರೋದು ಸ್ಮಶಾನಕ್ಕೆ ಕಣೆ, ಬದುಕಿರೋರ ಮನೇಲಿ ಯಾರಾದ್ರೂ ಇಡ್ತಾರೇನೆ ಅಂದ್ಳಂತೆ. ಅಂದು ತೂತಿಗೆ ಜೇಡಿಮಣ್ಣು ಮೆತ್ತಿಬಿಟ್ಳು. ಸೊಸೆ ಬಿಡಿಸಿದ್ಳು. ಅತ್ತೆ ಮತ್ತೆ ಮೆತ್ತಿ, ಇನ್ನೊಂದ್ಸಲ ಮುಟ್ಟಿದ್ರೆ ಮಡಕೆ ತಿಪ್ಪೆಗೆ ಹೋಗುತ್ತೆ ಅಂದ್ಳಂತೆ.

ಸರಿ ಅತ್ತೆ, ತೂತು ಅಪಶಕುನ ಅಂದ್ಮೇಲೆ ಈ ಮನೇಲಿ ಒಂದು ತೂತೂ ಬೇಡ, ಅಂದ್ಳಂತೆ ಹೊನ್ನಾಜಿ. ದನಿ ಏರಿಸಲಿಲ್ಲ ನೋಡು.

ಮೊದಲು ಅನ್ನ ಬಸಿಯೋ ಸಿಬ್ಬಲಿನ ತೂತಿಗೆಲ್ಲ ಜೇಡಿಮಣ್ಣು ಮೆತ್ತಿದ್ಳು. ಗಂಜಿ ಇಳೀದೆ ಅನ್ನವೆಲ್ಲ ಅಂಟು ಅಂಟು. ಆಮೇಲೆ ಜರಡಿಗೆ ಮೆತ್ತಿದ್ಳು. ರೊಟ್ಟೀಲಿ ಹೊಟ್ಟು ಉಳಿದು ಮಾವನ ಗಂಟಲಿಗೆ ಸಿಕ್ಕಿಕೊಳ್ತಂತೆ. ಏನೇ ಇದು ಹುಚ್ಚು ಅಂದ ಗಂಡ. ನಿಮ್ಮಮ್ಮನ್ನ ಕೇಳಿ ಅಂದ್ಳು. ತವರಿಗೆ ಅಟ್ತೀನಿ ನಿನ್ನ ಅಂದ್ಳು ಅತ್ತೆ. ನನ್ನ ತವರು ಆ ಮಡಕೇಲೇ ಇದೆ ಅತ್ತೆ, ಎಲ್ಲಿಗೆ ಅಟ್ತೀರಿ ಅಂದ್ಳಂತೆ. ಅಷ್ಟರಲ್ಲಿ ಕಡ್ಡಿಯ ಎಲೆ ಹಳದಿಗೆ ತಿರುಗಿತ್ತು.

ಮೂರನೇದಾಗಿ ಬಚ್ಚಲ ತೂತನ್ನೇ ಮುಚ್ಚಿಬಿಟ್ಳು. ನಿಂಗವ್ವ ಎಣ್ಣೆ ಹಚ್ಕೊಂಡು ನೀರು ಹಾಕ್ಕೊಳ್ತಾ ಇದ್ರೆ ನೀರು ಹೋಗ್ತಾನೇ ಇಲ್ಲ, ಸೀಗೆಪುಡಿ ನೊರೆ, ಎಣ್ಣೆ ಜಿಡ್ಡು, ಎಲ್ಲಾ ಕಾಲ ಬುಡದಲ್ಲೇ. ಕೂರಂಗಿಲ್ಲ, ಹೆಜ್ಜೆ ಇಟ್ರೆ ಜಾರುತ್ತೆ. ಕಾಲು ನೆಂದು ಮರಗಟ್ತಿದೆ, ನಾತ ಬರ್ತಿದೆ, ಬಿಡಿಸೇ ಇದನ್ನ ಅಂತ ಕೂಗಿದ್ಳಂತೆ.

ಹೊನ್ನಾಜಿ ಬಾಗಿಲಾಚೆ ನಿಂತು, ನನ್ನ ಗಿಡ ಹಗಲೂ ರಾತ್ರಿ ಹಂಗೇ ನಿಂತಿದೆ ಅತ್ತೆ, ಅದಕ್ಕೆ ಕೂಗೋಕೆ ಬರಲ್ಲ, ಅಂದ್ಳಂತೆ.

ಆಮೇಲೆ ನಿಂಗವ್ವ ಒದ್ದೆ ಸೀರೇಲೇ ಆಚೆ ಬಂದು, ಮಡಕೆ ಎತ್ತಿ, ತನ್ನ ಕೈಯಾರೆ ಜೇಡಿಮಣ್ಣು ಕಿತ್ತಳಂತೆ. ಕಪ್ಪು ನೀರು ಬಳಬಳ ಅಂತ ಇಳೀತು. ಅತ್ತೆ ಅದನ್ನೇ ನೋಡ್ತಾ ನಿಂತು, ಒಂದು ತೂತು ಸಾಲದು ಕಣೆ, ಆ ಮೊಳೆ ತಗೊಂಬಾ ಅಂದ್ಳಂತೆ.

ಆ ವರ್ಷ ಮಲ್ಲಿಗೆ ಮನೆ ತುಂಬಾ ಬಿಡ್ತು. ಗಂಡನಾಗಲಿ ಮಾವನಾಗಲಿ ಮಣ್ಣಿಗೆ ಬೆರಳಿಟ್ಟು, ಒಣಗಿದ್ರೆ ಮಾತ್ರ ನೀರು ಹಾಕೋರಂತೆ. ಮೊದಲ ಮಾಲೆಯನ್ನ ಸೊಸೆ ಅತ್ತೆಗೇ ಮುಡಿಸಿದ್ಳು. ನಿಮ್ಮಮ್ಮನ ಹೂವು ಬಲು ಘಮ ಕಣೆ ಅಂದ್ಳಂತೆ ನಿಂಗವ್ವ.

ಅವರು ಅಲ್ಲಿ ಹೂ ಮುಡಿದ್ರು, ನಾವಿಲ್ಲಿ ಕಂಬಳಿ ಹೊದ್ದೆವು, ಕತೆ ಪೂರ್ತಿ ಬಸಿದು ಮುಗೀತು. ನಾಳೆ ಕುಂಡಕ್ಕೆ ಮೊದಲು ಬೆರಳು, ಆಮೇಲೆ ಚೊಂಬು. ಕೇಳಿಸ್ತೇನೇ?