ಒಂದೇ ಕಲ್ಲಿಗೆ ಕುಳಿತ ವೈರಿಗಳು

ಪೂಜ್ಯ ಗುರುಶಾಂತ ಅಪ್ಪಗಳ ಮಠವೆಂದರೆ ದೊಡ್ಡ ಅರಮನೆಯೇನಲ್ಲ. ಹೊಳೆದಂಡೆಯಲ್ಲಿ ಮೂರು ಅಂಕಣದ ಮಣ್ಣಿನ ಮನೆ, ಪಡಸಾಲೆಯಲ್ಲೊಂದು ಬೀಸುವ ಕಲ್ಲು, ಅಷ್ಟೇ. ಬೆಳಗಾದರೆ ಆ ಮಹಾತ್ಮರು ತಾವೇ ಕುಳಿತು ದಾಸೋಹಕ್ಕೆ ಜೋಳ ಬೀಸುತ್ತಿದ್ದರು. ಆಗ ಸಂಸ್ಥಾನದ ಗಾದಿಗಾಗಿ ಹಿರಿಯ ದೊರೆಗೂ ಕಿರಿಯ ದೊರೆಗೂ ಯುದ್ಧ ಹತ್ತಿ, ಸೀಮೆಯೇ ಎರಡು ಹೋಳಾಗಿತ್ತು. ಬೀಗರು ಬೀಗರನ್ನೇ ಕಡಿದ ಕಾಲವದು. ಗಾಯಗೊಂಡವರು ಎರಡೂ ಕಡೆಯಿಂದ ಮಠಕ್ಕೆ ಬರುತ್ತಿದ್ದರು. ಬಂದವರು ಆಯುಧವನ್ನು ಬಾಗಿಲ ಬಳಿಯ ದೊಡ್ಡ ಮಣ್ಣಿನ ಗುಡಾಣದಲ್ಲಿ ಹಾಕಬೇಕು, ಯಾರ ಊರು ಹೆಸರನ್ನೂ ಕೇಳಬಾರದು, ಉಂಡವರು ಬೀಸಬೇಕು. ಅಪ್ಪಗಳ ಕಟ್ಟಳೆ ಇಷ್ಟೇ.

ಹಿರಿಯ ದೊರೆಯ ದಂಡಿನ ದ್ಯಾವಪ್ಪ ಬಲಗೈ ಮುರಿದುಕೊಂಡು ಬಂದ. ಹತ್ತೊಂಬತ್ತರ ಹುಡುಗ, ಮೂಗಿನ ತುದಿಯಲ್ಲೇ ಸಿಟ್ಟು. ಹೊಳೆ ದಾಟುವಾಗ ಅವನ ಅಣ್ಣನನ್ನು, ಗದ್ದಲದಲ್ಲಿ ಮುಖ ಕಾಣದ ವೈರಿಯೊಬ್ಬ ಭರ್ಚಿಯಿಂದ ತಿವಿದು ಕೊಂದಿದ್ದ. ಕೊಂದವನ ಜೀವ ತೆಗೆಯದೆ ತಾಯಿಯ ಮುಖ ನೋಡುವುದಿಲ್ಲವೆಂದು ದ್ಯಾವಪ್ಪ ಆಣೆ ಮಾಡಿದ್ದ. ಜ್ವರದಲ್ಲಿ ಮೂರು ದಿನ ಅದನ್ನೇ ಬಡಬಡಿಸಿದ. ಅಪ್ಪಗಳು ತಲೆಗೆ ತಣ್ಣೀರು ಪಟ್ಟಿ ಹಾಕುತ್ತ ಎಲ್ಲ ಕೇಳಿಸಿಕೊಂಡರು.

ಎದ್ದು ಕೂರುವಂತಾದಾಗ ಅವನನ್ನು ಕಲ್ಲಿನ ಒಂದು ಕಡೆ ಕೂರಿಸಿದರು. ಎದುರಿಗೆ ಇನ್ನೊಬ್ಬ ತರುಣ, ಮದ್ದು ಸಿಡಿದು ಎರಡೂ ಕಣ್ಣು ಹೋಗಿದ್ದವು. ಹೆಂಗಸರ ಕೆಲಸಕ್ಕೆ ಹಚ್ಚಿದರಲ್ಲ ಎಂದು ದ್ಯಾವಪ್ಪ ಗೊಣಗಿದ. ಆದರೆ ಅವನು ಎಡಗೈಯಿಂದ ಕಾಳು ಹಾಕಿದರೆ ಕುರುಡ ಎರಡೂ ಕೈಯಿಂದ ಕಲ್ಲು ತಿರುಗಿಸುತ್ತಿದ್ದ. ಒಬ್ಬನಿಲ್ಲದೆ ಇನ್ನೊಬ್ಬನಿಗೆ ಸಾಗದು. ತಿಂಗಳಲ್ಲಿ ಇಬ್ಬರೂ ಎಷ್ಟು ಹೊಂದಿಕೊಂಡರೆಂದರೆ, ದ್ಯಾವಪ್ಪನೇ ಅವನಿಗೆ ತುತ್ತು ಕಲಸಿ ಕೊಡುತ್ತಿದ್ದ. ತನ್ನ ಕಡೆಯವನೇ ಇರಬೇಕೆಂದು ಇಬ್ಬರೂ ತಿಳಿದಿದ್ದರು.

ಒಂದು ಮುಂಜಾನೆ ಕುರುಡ ತಾನಾಗಿಯೇ ಮನಸ್ಸು ಬಿಚ್ಚಿದ. ಹೊಳೆಯಲ್ಲಿ ಹಿರಿಯ ದೊರೆಯ ದಂಡಿನವನೊಬ್ಬನನ್ನು ತಿವಿದೆ, ಬೀಳುವಾಗ ಅವನು 'ತಮ್ಮಾ, ದ್ಯಾವಾ' ಎಂದು ಕೂಗಿದ, ಆ ಕೂಗು ಇನ್ನೂ ಕಿವಿಯಿಂದ ಹೋಗಿಲ್ಲ ಎಂದ.

ದ್ಯಾವಪ್ಪ ಎದ್ದ. ನೆಟ್ಟಗೆ ಹೋಗಿ ಗುಡಾಣಕ್ಕೆ ಕೈ ಹಾಕಿದ. ಅಪ್ಪಗಳು ಅಲ್ಲೇ ಹಿಟ್ಟು ಜರಡಿ ಹಿಡಿಯುತ್ತಿದ್ದರು. ತಡೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಹೊರಗ ಹಸದವರು ಕುಂತಾರಪಾ. ಕೈಯಾಗಿನ ಜ್ವಾಳ ಬೀಸಿ ಮುಗಿಸು. ಆಮ್ಯಾಲೆ ನಿನ್ನ ಮನಸ್ಸಿಗಿ ಬಂದದ್ದು ಮಾಡು," ಎಂದರು.

ಆ ಮಾತಿನಲ್ಲಿ ಏನು ಶಕ್ತಿ ಇತ್ತೋ ಆ ಪರಮಾತ್ಮನೇ ಬಲ್ಲ! ಕತ್ತಿ ಹಿಡಿದೇ ಅವನು ಮರಳಿ ಬಂದು ಕುಳಿತ. ಗುಡಾಣದ ಸದ್ದು ಕೇಳಿದ್ದ ಕುರುಡ ಕಲ್ಲು ತಿರುಗಿಸುತ್ತಲೇ ಕೇಳಿದ:

"ನಿನ್ನ ಹೆಸರೇನಣ್ಣಾ?"

"ದ್ಯಾವಪ್ಪ."

ಕಲ್ಲು ನಿಂತಿತು. ಕುರುಡನೆಂದ: "ನಾ ಸೋಮಲಿಂಗ. ಎಲ್ಲಿಗೂ ಓಡೂದಿಲ್ಲ. ಇಲ್ಲೇ ಕುಂತೀನಿ."

ಕಾಳು ಹಾಕಲು ದ್ಯಾವಪ್ಪನಿಗೆ ಇದ್ದದ್ದು ಒಂದೇ ಕೈ, ಅದರಲ್ಲಿ ಕತ್ತಿ. ಅವನು ಗಳಗಳನೆ ಅತ್ತುಬಿಟ್ಟ. ಕತ್ತಿ ಕೆಳಗಿಟ್ಟು ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಸುರಿದು, "ಬೀಸು," ಎಂದ. ಇದನ್ನು ಬರೆಯುವಾಗ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಜೋಳ ಮುಗಿದ ಮೇಲೆ ದ್ಯಾವಪ್ಪ ಅಪ್ಪಗಳ ಪಾದಕ್ಕೆ ಬಿದ್ದು, ಆಣೆ ಮುರಿದೆ, ಇನ್ನು ಅವ್ವನ ಬಳಿ ಹೇಗೆ ಹೋಗಲಿ ಎಂದು ಕೇಳಿದ. ಅಪ್ಪಗಳು ಅದೇ ಹಿಟ್ಟಿನಲ್ಲಿ ಎರಡು ಬೊಗಸೆ ಕಟ್ಟಿಕೊಟ್ಟು, "ಇಬ್ಬರೂ ಹೋಗ್ರಿ," ಎಂದರು.

ಕುರುಡನ ಕೈ ಹಿಡಿದು ದ್ಯಾವಪ್ಪ ಊರಿಗೆ ನಡೆದ. ಆ ತಾಯಿ ಎಲ್ಲವನ್ನೂ ಕೇಳಿದಳು. ಹೊಸ್ತಿಲ ಮೇಲೆ ಕುಳಿತು ಹೊತ್ತು ಇಳಿಯುವವರೆಗೂ ಅತ್ತಳು. ಆಮೇಲೆ ಎದ್ದು ಒಲೆ ಹಚ್ಚಿ, ಆ ಹಿಟ್ಟು ನಾದಿ ರೊಟ್ಟಿ ಬಡಿದಳು. ಸತ್ತ ಹಿರಿಮಗ ಉಣ್ಣುತ್ತಿದ್ದ ಗಂಗಾಳ ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ತೊಳೆದು, ರೊಟ್ಟಿ ಬಡಿಸಿ, ಸೋಮಲಿಂಗನ ಕೈ ಹಿಡಿದು ಅದರ ಮೇಲಿಟ್ಟಳು.