ತಮಟೆಯಿಲ್ಲದ ನೀರು

ಲೋಕದ ಮಣ್ಣು ಇನ್ನೂ ಒಣಗಿರಲಿಲ್ಲ. ಬೆಟ್ಟದ ಮೇಲೆ ಹೆಬ್ಬೆಟ್ಟು ಒತ್ತಿದರೆ ಗುರುತು ಬೀಳುತ್ತಿತ್ತು. ಗಾಳಿಗೂ ಕೆರೆಗೂ ಸೊಳ್ಳೆಗೂ ಮನುಷ್ಯರಿಗೂ ಆಗ ಒಂದೇ ಮಾತು. ಯಾರು ಯಾರನ್ನು ಬೇಕಾದರೂ ಮಾತಾಡಿಸಬಹುದಿತ್ತು. ಜಗಳವೂ ಅಷ್ಟೇ ಸಲೀಸಾಗಿ ಆಗುತ್ತಿತ್ತು ಅನ್ನಿ.

ಆ ಕಾಲದಲ್ಲಿ ಒಂದು ಕೆರೆ ಇತ್ತು. ಕೆರೆಗೆ ಒಬ್ಬಳು ನೀರಗಂಟಿ ಇದ್ದಳು. ಹೆಸರು ದ್ಯಾವಮ್ಮ. ನೀರಗಂಟಿ ಅಂದರೆ ಕೆರೆಯ ತೂಬು ತೆಗೆದು, ಯಾರ ಹೊಲಕ್ಕೆ ಎಷ್ಟು ನೀರು ಅಂತ ಹಂಚಿ, ಮತ್ತೆ ತೂಬು ಮುಚ್ಚುವವಳು. ಆ ಕೆಲಸಕ್ಕೆ ಒಂದು ಕಟ್ಟುಪಾಡು: ಬಾಯಾರಿದೆ ಅಂತ ಬಂದವರಿಗೆ ಇಲ್ಲ ಅನ್ನಬಾರದು. ಹುಲಿ ಕೇಳಿದರೂ ಕೊಡಬೇಕು, ಇರುವೆ ಕೇಳಿದರೂ ಕೊಡಬೇಕು.

ಆಗಲೂ ಮನುಷ್ಯರ ಮೈಯಲ್ಲಿ ಕೆಂಪು ಹೊಳೆ ಹರಿಯುತ್ತಿತ್ತು. ಎದೆಯೊಳಗಿನ ತಮಟೆ ಬಡಿದಂತೆಲ್ಲ ಹೊಳೆ ಓಡುತ್ತಿತ್ತು. ಓಡುವ ಹೊಳೆಯಿಂದ ಒಂದಿಷ್ಟು ತಿಳಿನೀರು ಮಾಂಸದೊಳಕ್ಕೆ ಬಸಿಯುತ್ತಿತ್ತು, ಕಾಲುವೆಯಿಂದ ಹೊಲಕ್ಕೆ ಬಸಿಯುವ ಹಾಗೆ. ಬಸಿದ ನೀರು ಅಲ್ಲೇ ಉಳಿಯುತ್ತಿತ್ತು. ಅದು ಹಿಂದಕ್ಕೆ ಹೋಗುವ ದಾರಿಯನ್ನು ಯಾರೂ ಮಾಡಿರಲಿಲ್ಲ. ಮೈ ಮಾಡಿದವರಿಗೆ ಮರೆತೇ ಹೋಗಿತ್ತೋ ಏನೋ.

ಹಾಗಾಗಿ ಜನ ಊದುತ್ತಿದ್ದರು. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಹೊಟ್ಟೆ, ಆಮೇಲೆ ಮುಖ. ಕಣ್ಣು ಮುಚ್ಚಿಹೋಗುವಷ್ಟು ಊದಿದವರು ಮೆಲ್ಲಗೆ ಕೆರೆ ಏರಿಯ ಮೇಲೆ ಹೋಗಿ ಕೂರುತ್ತಿದ್ದರು. ಕೂತವರು ಏಳುತ್ತಿರಲಿಲ್ಲ. ದುಂಡನೆಯ ಕಲ್ಲಾಗುತ್ತಿದ್ದರು.

ಏರಿಯುದ್ದಕ್ಕೂ ಅಂಥ ಕಲ್ಲುಗಳು. ಮುಟ್ಟಿದರೆ ಬೆಚ್ಚಗೆ. ಕಿವಿಯಿಟ್ಟರೆ ಒಳಗೆ ನೀರು ತುಳುಕುವ ಸದ್ದು. ದ್ಯಾವಮ್ಮನ ತಾಯಿ ಕರಿಯವ್ವನೂ ಆ ಸಾಲಿನಲ್ಲೇ ಇದ್ದಳು. ದ್ಯಾವಮ್ಮ ದಿನಾ ಬೆಳಿಗ್ಗೆ ಆ ಕಲ್ಲಿಗೆ ಒರಗಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಆ ಬಿಸಿ ಬೆನ್ನಿಗೆ ತಾಗದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳ ಮಗಳು ಚೆನ್ನಿ ಓಡಿಬಂದಳು. ಏಳು ವರ್ಷದ ಹುಡುಗಿ.

"ಅವ್ವಾ, ನನ್ ಕಾಲ್ಕಡಗ ಬಿಗಿಯಾಗೈತೆ."

ದ್ಯಾವಮ್ಮ ಕೈಯಲ್ಲಿದ್ದ ಗುದ್ದಲಿ ಬಿಸಾಡಿದಳು. ಮಗಳ ಕಾಲು ಹಿಡಿದು ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬಿತ್ತು. ಬೆರಳು ತೆಗೆದರೂ ಗುಳಿ ಮುಚ್ಚಲಿಲ್ಲ. ಬಿಸಿಲು ಸುಡುತ್ತಿತ್ತು, ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಗುಳಿ ಬಾಯಿಯ ಹಾಗೆ ಅಲುಗಿತು.

"ದಾರಿ ಎಲ್ಲೈತೆ?" ಅಂತು.

ಅದು ಚೆನ್ನಿಯ ದನಿಯಲ್ಲ. ಮುದುಕರದೂ ಅಲ್ಲ, ಮಕ್ಕಳದೂ ಅಲ್ಲ.

"ಯಾರೇ ನೀನು?" ಅಂದಳು ದ್ಯಾವಮ್ಮ.

"ಬಸಿದ ನೀರು ಕಣವ್ವ. ಹೊಳೆ ನನ್ನ ಬಿಟ್ಟು ಓಡೋಯ್ತು. ಹಿಂದಕ್ಕೋಗಾಕೆ ದಾರಿ ಇಲ್ಲ. ಇಲ್ಲೇ ಕೂತಿವ್ನಿ. ನಮ್ಮೋರು ಇನ್ನೂ ಬತ್ತಾವ್ರೆ."

ಚೆನ್ನಿ ಕಿಲಕಿಲ ನಕ್ಕಳು. ಕಾಲು ಮಾತಾಡಿದರೆ ಯಾವ ಮಗು ನಗುವುದಿಲ್ಲ? ದ್ಯಾವಮ್ಮ ಮಾತ್ರ ನಗಲಿಲ್ಲ. ಏರಿಯ ಮೇಲಿನ ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಕಲ್ಲು ಅವಳ ಕಣ್ಣಿಗೆ ಕಟ್ಟಿತು.

ಮಗಳ ಮಣಿಕಟ್ಟಿಗೆ ಬಾಯಿಟ್ಟು ಕೆಂಪು ಹೊಳೆಯನ್ನು ಕೇಳಿದಳು. "ನಿನ್ ನೀರ್ನ ನೀನೇ ಕರ್ಕೊಂಡೋಗಪ್ಪ."

"ತಮಟೆ ಬಡಿದಂಗೆ ಓಡೋದು ನನ್ ಕೆಲ್ಸ. ಹಿಂದೆ ಬಿದ್ದೋರ್ನ ನೋಡಾಕೆ ನಂಗೆ ಪುರುಸೊತ್ತಿಲ್ಲ," ಅಂದು ಹೊಳೆ ಓಡಿಹೋಯಿತು. ದೊಡ್ಡವರ ಮಾತೇ ಹಾಗೆ.

ಕೆರೆಯನ್ನು ಕೇಳಿದಳು. ಕೆರೆ ಅವಳಿಗೇ ತಿರುಗಿ ಕೇಳಿತು. "ಹೊಲದಾಗೆ ನೀರು ನಿಂತು ಪೈರು ಕೊಳೀತಿದ್ರೆ ಏನ್ ಮಾಡ್ತೀಯವ್ವ?"

"ಬಸಿಗಾಲುವೆ ತೋಡ್ತೀನಿ. ನಿಂತ ನೀರು ಅದ್ರಾಗೆ ಹೊಂಟೋಯ್ತದೆ."

"ಮತ್ತೆ ನನ್ನೇನ್ ಕೇಳ್ತೀಯ?"

ದ್ಯಾವಮ್ಮ ಒಂದು ಗರಿಕೆ ಕಡ್ಡಿ ಕಿತ್ತಳು. ಆಗ ಮಕ್ಕಳ ಮೈಯೂ ಹಸಿಮಣ್ಣೇ ಅಲ್ಲವೇ, ಗೀರಿದಲ್ಲಿ ಕಾಲುವೆಯಾಯಿತು. ಬಲಗಾಲಿನ ಬೆರಳ ತುದಿಯಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಸಂದಿಗೆ, ಹೊಟ್ಟೆಗೆ, ಎದೆಗೆ. ಎಡಗಡೆ ಕತ್ತಿನ ಬುಡದಲ್ಲಿ ಕಾಲುವೆಯನ್ನು ಕೆಂಪು ಹೊಳೆಗೆ ಸೇರಿಸಿದಳು. ದಾರಿಯುದ್ದಕ್ಕೂ ಪುಟ್ಟ ಪುಟ್ಟ ಕದ ಇಟ್ಟಳು. ಅವು ಮೀನು ಹಿಡಿಯುವ ಬುಟ್ಟಿಯ ಬಾಯಿಯ ಹಾಗೆ, ಮುಂದಕ್ಕೆ ಬಿಡುತ್ತವೆ, ಹಿಂದಕ್ಕೆ ಬಿಡುವುದಿಲ್ಲ.

"ಆಯ್ತು, ನಡಿ," ಅಂದಳು. ನೀರು ಅಲುಗಲಿಲ್ಲ.

"ಹೊಳೆಗಾದ್ರೆ ತಮಟೆ ಐತೆ. ನನ್ನ ಯಾರು ನೂಕ್ತಾರೆ?"

ಅಲ್ಲೇ ಹೋಗುತ್ತಿದ್ದ ಗಾಳಿ ನಿಂತಿತು. "ಉಸಿರಾಗಿ ಒಳಕ್ಕೆ ಬಂದಾಗೆಲ್ಲ ನಾನೊಂದು ನೂಕು ನೂಕ್ತೀನಿ. ಮಿಕ್ಕಿದ್ದಕ್ಕೆ ಹುಡುಗಿ ಕೈಕಾಲು ಆಡಿಸ್ಬೇಕು. ಕೂತೇ ಇದ್ರೆ ನಾನ್ ಹೊಣೆ ಅಲ್ಲ."

ಚೆನ್ನಿ ನಡೆದಳು. ನಡೆದಂತೆ ಬಲಗಾಲು ಇಳಿಯಿತು, ಕಡಗ ಸಡಿಲವಾಯಿತು. ದ್ಯಾವಮ್ಮನಿಗೆ ಹೋದ ಜೀವ ಬಂದಂತಾಯಿತು.

ಎಡಗಾಲಿಗೂ ಹಾಗೇ ಕಾಲುವೆ ಗೀರಿ, ಕೊನೆಯ ಕದ ಇಡುವಾಗ ಒಂದು ಸೊಳ್ಳೆ ಬಂದು ಚೆನ್ನಿಯ ಪಾದದ ಮೇಲೆ ಕೂತಿತು.

"ನೀರಗಂಟವ್ವಾ, ನನ್ ಮಕ್ಳಿಗೆ ಬಾಯಾರೈತೆ. ನೂಲಿನಂಗವೆ ನೋಡು. ಎಷ್ಟು ಜಾಗ ಬೇಕು ಅವ್ಕೆ?"

ಬೇಡ ಅಂತ ಮನಸ್ಸು ಹೇಳಿತು. ಆದರೆ ಹುಟ್ಟಿದಾಗಿನಿಂದ ಬಾಯಾರಿದವರಿಗೆ ಇಲ್ಲ ಅಂದ ನಾಲಿಗೆಯಲ್ಲ ಅದು. "ಕುಡೀಲಿ ಬಿಡು," ಅಂದುಬಿಟ್ಟಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇಂಥದ್ದಕ್ಕೇ.

ನೂಲುಗಳು ಒಳಗೆ ಹೋದವು. ಕುಡಿದವು, ಬೆಳೆದವು, ಮರಿ ಹಾಕಿದವು. ಕದಗಳಿಗೆ ಅಡ್ಡಡ್ಡ ಸುತ್ತಿಕೊಂಡು ಮಲಗಿದವು. ಎಡಗಾಲು ಇಳಿಯುವ ಬದಲು ಇನ್ನೂ ಊದಿತು. ಈ ಸಲ ಒತ್ತಿದರೆ ಗುಳಿಯೂ ಬೀಳಲಿಲ್ಲ. ಚರ್ಮ ಆನೆಯ ಚರ್ಮದ ಹಾಗೆ ದಪ್ಪಗಾಗಿ, ಬೆರಳ ಸಂದಿಯಲ್ಲಿ ಬಿರುಕು ಬಿಟ್ಟಿತು.

ಆ ಬಿರುಕಿನಿಂದ ನಂಜು ಹೊಕ್ಕಿತು. ಚೆನ್ನಿಗೆ ಚಳಿಜ್ವರ ಬಂತು. ಪಾದದಿಂದ ಒಂದು ಕೆಂಪು ಗೆರೆ ಎದ್ದು ಕಾಲ ಮೇಲಕ್ಕೆ ಹತ್ತತೊಡಗಿತು. ದ್ಯಾವಮ್ಮ ನೋಡುತ್ತಿದ್ದಂತೆಯೇ ಒಂದು ಬೆರಳು ಮೇಲೆ ಬಂತು, ಎರಡು ಬೆರಳು ಮೇಲೆ ಬಂತು. ಅದು ಅವಳು ಗರಿಕೆಯಲ್ಲಿ ಗೀರಿದ ದಾರಿಯಲ್ಲೇ ಬರುತ್ತಿತ್ತು.

ಮೊಣಕಾಲಿನ ಹತ್ತಿರ ನೀರು ಪಿಸುಗುಟ್ಟಿತು. "ಅವ್ವಾ, ನನ್ ಹಿಂದೆ ಬ್ಯಾರೆ ಯಾರೋ ನಡೀತಾವ್ರೆ."

ಮಗಳನ್ನು ಉಳಿಸಲು ತೋಡಿದ ಕಾಲುವೆಯೇ ನಂಜನ್ನು ಅವಳ ಎದೆಗೆ ಕರೆದೊಯ್ಯುತ್ತಿತ್ತು. ಮುಚ್ಚಿದರೆ ಊದಿ ಕಲ್ಲಾಗುತ್ತಾಳೆ, ಬಿಟ್ಟರೆ ನಂಜು ತಮಟೆಯನ್ನು ಮುಟ್ಟುತ್ತದೆ. ದ್ಯಾವಮ್ಮ ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಏರಿಗೆ ಓಡಿದಳು. ತಾಯಿಯ ಕಲ್ಲಿಗೆ ತಲೆಯಿಟ್ಟು ಅತ್ತಳು.

"ಕಾಲುವೆ ತೋಡ್ದೆ ಕಣವ್ವ, ಕಾವಲು ಇಡ್ಲಿಲ್ಲ. ಈಗ ಯಾರ್ನ ಇಡ್ಲಿ?"

ಕಲ್ಲಿನೊಳಗೆ ನೀರು ತುಳುಕಿತು. ಅಲ್ಲಿಂದ ಕರಿಯವ್ವನ ಕೆಮ್ಮು ಕೇಳಿತು.

"ನನ್ನ ಒಡಿ."

"ಒಡದ್ರೆ ನೀನು ಇರಲ್ವಲ್ಲವ್ವ!"

"ಕೂತೂ ಕೂತೂ ಸಾಕಾಗೈತೆ ಮಗಾ. ಆ ಕೂಸಿನ ಬಾಗಿಲಾಗೆ ನನ್ನ ಕೂರ್ಸು. ಬ್ಯಾಗ ಒಡಿ, ಗೆರೆ ತೊಡೆ ಹತ್ತೈತೆ."

ದ್ಯಾವಮ್ಮ ಗುದ್ದಲಿ ಎತ್ತಿದಳು. ಎತ್ತಿದ ಕೈ ಮೂರು ಸಲ ಸುಮ್ಮನೆ ಕೆಳಗಿಳಿಯಿತು. ನಾಲ್ಕನೇ ಸಲ ಕಣ್ಣು ಮುಚ್ಚಿ ಹೊಡೆದಳು.

ಕಲ್ಲು ಎರಡಾಯಿತು. ಬೆಚ್ಚಗಿನ ನೀರು ಅವಳ ಪಾದ ತೋಯಿಸಿ ಕೆರೆಗೆ ಇಳಿದುಹೋಯಿತು. ಒಳಗೆ ಅವರೆಕಾಳಿನಷ್ಟು ಸಣ್ಣ ಕಲ್ಲುಗಳು ರಾಶಿ ಬಿದ್ದಿದ್ದವು. ಒಂದೊಂದೂ ಉಸಿರಾಡುತ್ತಿತ್ತು. ದ್ಯಾವಮ್ಮ ಬಾಚಿಕೊಂಡು ಮಗಳ ತೊಡೆಸಂದಿಯಲ್ಲಿ ಒಂದು ಹಿಡಿ ಇಟ್ಟಳು. ಕಂಕುಳಲ್ಲಿ ಒಂದು ಹಿಡಿ, ದವಡೆಯ ಕೆಳಗೆ, ಕತ್ತಿನ ಪಕ್ಕ ಒಂದು ಹಿಡಿ. ಮಿಕ್ಕಿದ್ದನ್ನು ಹೊಟ್ಟೆಯ ಕಾಲುವೆಯ ದಡಕ್ಕೆ ಸಾಲಾಗಿ ಇಟ್ಟಳು.

ಕೆಂಪು ಗೆರೆ ತೊಡೆಸಂದಿಗೆ ಬಂತು. ಅಲ್ಲೇ ನಿಂತಿತು.

ಅಲ್ಲೊಂದು ಗಂಟು ಎದ್ದಿತು. ಮುಟ್ಟಿದರೆ ಸುಡುತ್ತಿತ್ತು. ಒಳಗೆ ಗುದ್ದಾಟ, ಗುದ್ದಾಟದ ನಡುವೆ ಕರಿಯವ್ವನ ಕೆಮ್ಮು.

"ಅವ್ವಾ, ನೋಯ್ತೈತೆ," ಅಂತ ಚೆನ್ನಿ ಅತ್ತಳು.

"ನೋಯ್ಲಿ ಕಣ್ ಮಗಾ. ನಿಮ್ಮಜ್ಜಿ ಒಳ್ಗೆ ಕೆಲ್ಸ ಮಾಡ್ತಾವ್ಳೆ," ಅಂದು ದ್ಯಾವಮ್ಮ ತಾನೂ ಅತ್ತಳು.

ಮೂರನೇ ದಿನ ಜ್ವರ ಬಿಟ್ಟಿತು, ಗಂಟು ಇಳಿಯಿತು. ಎಡಗಾಲು ಮಾತ್ರ ಮೊದಲಿನಂತೆ ಆಗಲೇ ಇಲ್ಲ. ದ್ಯಾವಮ್ಮ ದಿನಾ ಸಂಜೆ ಆ ಕಾಲನ್ನು ತೊಳೆದು, ಬೆರಳ ಸಂದಿ ಒರೆಸಿ, ಮಣೆಯ ಮೇಲೆ ಎತ್ತಿಡುತ್ತಿದ್ದಳು. ತೊಳೆಯುವಾಗ ಒಂದು ದಿನವೂ ಅವಳು ತನ್ನನ್ನು ತಾನು ಕ್ಷಮಿಸಲಿಲ್ಲ. ಚೆನ್ನಿ ಆ ಭಾರದ ಕಾಲನ್ನೇ ಎತ್ತಿಡುತ್ತಾ ನಡೆದು ದೊಡ್ಡವಳಾದಳು, ಮಕ್ಕಳನ್ನು ಹೆತ್ತಳು. ಅವಳ ಮಕ್ಕಳು ಕಾಲುವೆ, ಕದ, ಕಾವಲು ಎಲ್ಲವನ್ನೂ ಮೈಯಲ್ಲಿಟ್ಟುಕೊಂಡೇ ಹುಟ್ಟಿದರು. ನಾವೆಲ್ಲ ಅವರ ಪೈಕಿ.

ಅದಕ್ಕೇ ಇವತ್ತಿಗೂ ಕೆಲವು ಊರುಗಳಲ್ಲಿ ಸೊಳ್ಳೆ ನೂಲಿನಂಥ ಹುಳ ಬಿಟ್ಟು ಹೋದ ಕಾಲು ಆನೆಕಾಲಾಗುತ್ತದೆ. ಅಂಥ ಕಾಲಿನವರನ್ನು ಕಂಡರೆ ನಗಬೇಡಿ, ಹತ್ತಿರ ಕೂರಲು ಹೆದರಲೂ ಬೇಡಿ. ಮತ್ತೆ, ನಿಮ್ಮ ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ, ಗಂಟಲು ಕೆಟ್ಟಾಗ ದವಡೆಯ ಕೆಳಗೆ ಅವರೆಕಾಳಿನಷ್ಟು ಗಂಟು ಏಳುತ್ತದಲ್ಲ, ಅದನ್ನು ಹಿಸುಕಬೇಡಿ: ನೀವು ಹುಟ್ಟುವ ಎಷ್ಟೋ ಮೊದಲೇ ಹೋದ ಅಜ್ಜಿಯೊಬ್ಬಳು ಅಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಾಳೆ, ಆಚೆಯಿಂದ ಯಾರೋ ತಳ್ಳುತ್ತಿದ್ದಾರೆ.